ಚಿನ್ನದೂರಿನ ಕೆರೆಯಲ್ಲಿ ತೇಲುವ ಜೀವಗಳು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ಮಾರಿಕುಪ್ಪದ ರೈಲಿಗಾಗಿ ಕಾಯುವ ಪ್ರವಾಸಿಯನ್ನು ಊರಿನವರು ಕೇಳುವ ಮೊದಲ ಪ್ರಶ್ನೆ, “ಪಾನಿಪೂರಿ ತಿಂದಿರಾ ಸ್ವಾಮಿ?” ಎಂಬುದು. ಬೇರೆ ಊರುಗಳಲ್ಲಿ ಪಾನಿಯು ಪುದೀನ ಕೊತ್ತಂಬರಿಗಳ ದೆಸೆಯಿಂದ ಹಸಿರಾಗಿರುತ್ತದೆ. ಬಂಗಾರಪೇಟೆಯದು ಬಾವಿಯಿಂದ ಆಗತಾನೆ ಸೇದಿದ ನೀರಿನಂತೆ ತಿಳಿಯಾಗಿ, ಬಣ್ಣವಿಲ್ಲದೆ, ಏನೂ ಅರಿಯದ ಸಾಧುವಿನಂತೆ ಬಟ್ಟಲಿನಲ್ಲಿ ಕುಳಿತಿರುತ್ತದೆ. ಬಾಯಿಗಿಟ್ಟೊಡನೆ ಕಣ್ಣಿನಲ್ಲಿ ನೀರಾಡುತ್ತದೆ. ತಿಳಿನೀರನ್ನು ಕಂಡು ಮೋಸಹೋಗಬಾರದೆಂಬ ಎಚ್ಚರಿಕೆಯನ್ನು ಪಡೆದು ರೈಲು ಹತ್ತಿದವನಿಗೆ ಮುಂದಿನ ಪ್ರಯಾಣದಲ್ಲಿ ಆ ಎಚ್ಚರಿಕೆ ಉಪಯೋಗಕ್ಕೆ ಬಾರದೆ ಇರುವುದಿಲ್ಲ.

1894ರಲ್ಲಿ ಗಣಿಗಳಿಗೆಂದೇ ಹಾಕಿದ ಈ ಕವಲುದಾರಿಯಲ್ಲಿ ರೈಲು ಅವಸರಪಡುವುದಿಲ್ಲ. ಕೋರಮಂಡಲ ನಿಲ್ದಾಣ ಕಳೆದ ಮೇಲೆ ಊರಿಗಾಂ. ಹಳೆಯ ಬಂಗಲೆಗಳು, ಮರಗಳ ನಡುವೆ ಮಲಗಿದ ರಸ್ತೆಗಳು, ತಮಿಳು, ತೆಲುಗು, ಕನ್ನಡ, ಇಂಗ್ಲಿಷುಗಳು ಒಂದೇ ವಾಕ್ಯದಲ್ಲಿ ನೆರೆಹೊರೆಯಾಗಿ ಬಾಳುವ ಮಾತು, ಇವೆಲ್ಲವುಗಳ ಹಿಂದೆ ಬೂದಿಬಣ್ಣದ ಬೋಳು ಗುಡ್ಡಗಳು. ಅವು ದೇವರು ಮಾಡಿದ ಗುಡ್ಡಗಳಲ್ಲ. ಕಲ್ಲನ್ನು ಹಿಟ್ಟುಮಾಡಿ, ಸಯನೈಡಿನ ದ್ರಾವಣದಲ್ಲಿ ತೊಳೆದು, ಚಿನ್ನವನ್ನು ತೆಗೆದುಕೊಂಡು ಉಳಿದುದನ್ನು ಸುರಿದು ಬೆಳೆಸಿದ ದಿಬ್ಬಗಳು. ಇಡೀ ಗಣಿಪ್ರದೇಶದಲ್ಲಿ ಇಂತಹ ಹದಿಮೂರು ದಿಬ್ಬಗಳಿದ್ದು, ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಗಿಲಾದ ಹುಡಿ ಇದೆಯೆಂದು ಎಣಿಕೆ. ಗಾಳಿಯ ಕಾಲದಲ್ಲಿ ಈ ಹುಡಿ ಎದ್ದು ಮನೆಮನೆಯ ಕಿಟಕಿಯೊಳಗೆ ಇಣುಕುತ್ತದೆ. ಒಗೆದು ಹರವಿದ ಸೀರೆಗಳ ಮೇಲೆ ಕೂರುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಇಲ್ಲಿ ನಡೆದುದು ನೆಲದಾಳದ ಕಥೆ. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಪ್ರವಾಸಿಗಳು ಇಂದಿಗೂ ಕೇಳುವುದು ಆ ಆಳದ ಮಾತನ್ನೇ, ಚಿನ್ನದ ತೂಕದ ಮಾತನ್ನೇ. ಆದರೆ ಒಂದು ನದಿಯೂ ವರ್ಷವಿಡೀ ಹರಿಯದ ಈ ಜಿಲ್ಲೆಯಲ್ಲಿ, ಕುಟ್ಟಿದ ಕಲ್ಲನ್ನು ತೊಳೆಯುವುದಕ್ಕೇ ಹೊಳೆಯಷ್ಟು ನೀರು ಬೇಕಾಗಿದ್ದ ಈ ಊರಿನಲ್ಲಿ, ಸಾವಿರಾರು ಸಂಸಾರಗಳು ಕುಡಿದ ನೀರು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ವಿಚಾರಿಸಿದವರಿಗೆ ಹಳಬರು ಈಶಾನ್ಯದ ಕಡೆ ಕೈ ತೋರಿಸುತ್ತಾರೆ: “ಬೇತಮಂಗಲ.”

ರಾಬರ್ಟಸನ್‌ಪೇಟೆಯಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೇತಮಂಗಲ ಸಾಮಾನ್ಯ ಊರಲ್ಲ. ವಿಜಯಾದಿತ್ಯಮಂಗಲವೆಂಬ ಅದರ ಪೂರ್ವನಾಮ ಜನರ ನಾಲಗೆಯ ಮೇಲೆ ಉರುಳಿ ಉರುಳಿ ಸವೆದು ಇಂದಿನ ರೂಪಕ್ಕೆ ಬಂದಿದೆ. ಪಾಲಾರ್ ನದಿಗೆ ಅಡ್ಡವಾಗಿ ಹಿಡಿದ ಇಲ್ಲಿನ ದೊಡ್ಡ ಕೆರೆಯ ಏರಿ ಒಡೆದಾಗ ನೊಳಂಬರ ಅರಸನಾದ ಇರಿವ ನೊಳಂಬನ ಕಾಲದಲ್ಲಿ, ಎಂದರೆ ಹತ್ತನೆಯ ಶತಮಾನದ ನಡುಭಾಗದಲ್ಲಿ, ಅದನ್ನು ಮತ್ತೆ ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಒಡೆದುದನ್ನು ಕಟ್ಟಿಸಬೇಕಾದರೆ ಕೆರೆ ಅದಕ್ಕಿಂತಲೂ ಹಳೆಯದು ಎಂದಾಯಿತು. ಸಾವಿರ ವರ್ಷ ಗದ್ದೆಗಳಿಗೆ ನೀರುಣಿಸಿದ ಈ ಕೆರೆಯ ಪಕ್ಕದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ನೀರು ಸರಬರಾಜಿನ ಕಾರ್ಖಾನೆಯೊಂದು ಎದ್ದಿತು. ಕೆರೆಯ ನೀರು ಸೋಸಿಕೊಂಡು, ಕೊಳವೆಗಳ ಮೂಲಕ ಗುಡ್ಡ ಏರಿ, ಗಣಿಯ ಸಾಹೇಬರ ಬಂಗಲೆಗೂ ಕೂಲಿಯ ಲೈನುಮನೆಯ ಬೀದಿನಲ್ಲಿಗೂ ಹರಿಯಿತು.

ನೀರಿರುವ ವರ್ಷದಲ್ಲಿ ಬೇತಮಂಗಲದ ಏರಿಯ ಮೇಲೆ ನಿಂತವನಿಗೆ ಕಾಣುವುದು ಆಕಾಶದ ಬಿಂಬ, ಮುಳುಗೇಳುವ ನೀರುಕಾಗೆ, ದೂರದಲ್ಲಿ ತೆಪ್ಪದ ಮೇಲೆ ಕುಳಿತ ಮೀನುಗಾರ. ಮೆಟ್ಟಿಲಿಳಿದು ಒಂದು ಗಾಜಿನ ಲೋಟದಲ್ಲಿ ನೀರನ್ನು ಮೊಗೆದು ಬಿಸಿಲಿಗೆ ಅಡ್ಡವಾಗಿ ಹಿಡಿದರೆ ಬೇರೊಂದು ಊರು ಕಾಣುತ್ತದೆ. ಮೊದಲು ಧೂಳೆಂದು ತೋರುತ್ತದೆ. ಆದರೆ ಧೂಳು ತಳಕ್ಕಿಳಿಯುತ್ತದೆ, ಇದು ಇಳಿಯುವುದಿಲ್ಲ. ಒಂದು ಚುಕ್ಕೆ ಕುಪ್ಪಳಿಸುತ್ತದೆ, ಇನ್ನೊಂದು ಥಟ್ಟನೆ ನೆಗೆದು ನಿಲ್ಲುತ್ತದೆ, ಮತ್ತೊಂದು ತೂಕಡಿಸುವವನಂತೆ ತೇಲುತ್ತದೆ. ಇವೇ ಪ್ರಾಣಿಪ್ಲವಕಗಳು: ಹೊಳೆಯ ಸೆಳವನ್ನು ಎದುರಿಸಿ ಈಜುವ ಶಕ್ತಿಯಿಲ್ಲದೆ, ನೀರು ಒಯ್ದ ಕಡೆಗೆ ಹೋಗುವ ಕಿರುಜೀವಿಗಳು.

ಪ್ಲವಕವೆಂಬುದಕ್ಕೆ ಯುರೋಪಿನ ಭಾಷೆಗಳಲ್ಲಿರುವ ಪ್ಲಾಂಕ್ಟನ್ ಎಂಬ ಹೆಸರನ್ನು ಗ್ರೀಕರ ‘ಅಲೆಮಾರಿ’ ಎಂಬರ್ಥದ ಪದದಿಂದ ಜರ್ಮನಿಯ ವಿಕ್ಟರ್ ಹೆನ್ಸನ್ ಎಂಬ ವಿದ್ವಾಂಸ ರೂಢಿಗೆ ತಂದುದು 1887ರಲ್ಲಿ. ಸ್ಕಾಟ್ಲೆಂಡಿನಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಬಂಧುಗಳು ಸಯನೈಡಿನಿಂದ ಚಿನ್ನ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದುದೂ ಅದೇ ವರ್ಷ. ಊರಿಗಾಮಿನ ದಿಬ್ಬಗಳ ಹೆಸರು, ಬೇತಮಂಗಲದ ಜೀವಿಗಳ ಹೆಸರು, ಎರಡೂ ಒಂದೇ ಸಂವತ್ಸರದ ಕೂಸುಗಳೆಂಬುದು ಒಂದು ವಿನೋದ. ಇನ್ನೂ ಒಂದು ನಂಟು ಉಂಟು. ಈ ಜೀವಿಗಳನ್ನು ಹಿಡಿಯಲು ಬಹುಕಾಲ ಬಳಸಿದ ಬಲೆ, ಹಿಟ್ಟಿನ ಗಿರಣಿಗಳಲ್ಲಿ ಜರಡಿಯಾಗಿ ಕೆಲಸಮಾಡುತ್ತಿದ್ದ ನವುರಾದ ರೇಷ್ಮೆಬಟ್ಟೆಯದು. ನೈಲಾನ್ ಬಂದ ಮೇಲೆ ರೇಷ್ಮೆ ಹಿಂದೆ ಸರಿಯಿತು. ಹಿಪ್ಪುನೇರಳೆಯ ತೋಟಗಳಿಂದ ಸುತ್ತುವರಿದ ಕೋಲಾರ ಸೀಮೆಯಲ್ಲಿ ಈ ಸಂಗತಿಯನ್ನು ಹೇಳದೆ ಬಿಡುವುದು ಸರಿಯಲ್ಲ.

ಬಯಲುಸೀಮೆಯ ಕೆರೆಯ ಪ್ಲವಕಗಳಲ್ಲಿ ಮುಖ್ಯ ಮನೆತನಗಳು ಮೂರು. ಅತಿ ಚಿಕ್ಕವು ರೋಟಿಫರುಗಳು. ಇವುಗಳ ತಲೆಯ ಮೇಲೆ ನವಿರಾದ ಕೂದಲುಗಳ ಕಿರೀಟವಿದ್ದು, ಅವು ಒಂದಾದ ಮೇಲೊಂದರಂತೆ ಬಾಗುವಾಗ ಗಾಲಿ ತಿರುಗಿದಂತೆ ತೋರುವುದರಿಂದ ಚಕ್ರಧಾರಿಗಳೆಂದು ಕರೆದರೂ ಒಪ್ಪುತ್ತದೆ. ಒಂದು ಮಿಲಿಮೀಟರಿನೊಳಗೆ ಹಲವನ್ನು ಸಾಲಾಗಿ ನಿಲ್ಲಿಸಬಹುದು. ಎರಡನೆಯವು ನೀರುಚಿಗಟಗಳು: ಡಾಫ್ನಿಯ, ಮೊಯಿನಾ ಮೊದಲಾದವು. ಚಿಗಟವೆಂದ ಮಾತ್ರಕ್ಕೆ ಗೃಹಿಣಿಯರು ಮುಖ ಸಿಂಡರಿಸಬೇಕಾಗಿಲ್ಲ. ಅವು ಸೀಗಡಿಯ ದಾಯಾದಿಗಳು, ಯಾರನ್ನೂ ಕಚ್ಚುವುದಿಲ್ಲ. ಮೈ ಗಾಜಿನಷ್ಟು ಪಾರದರ್ಶಕವಾದುದರಿಂದ ಸೂಕ್ಷ್ಮದರ್ಶಕದ ಕೆಳಗೆ ಹೃದಯ ಬಡಿಯುವುದು, ಕರುಳಿನಲ್ಲಿ ಹಸಿರು ಪಾಚಿ ಸರಿಯುವುದು, ಬೆನ್ನಿನ ಚೀಲದಲ್ಲಿ ಮರಿಗಳು ಮಿಸುಕುವುದು ಎಲ್ಲವೂ ಕಾಣುತ್ತದೆ. ಮೂರನೆಯವು ದೋಣಿಯ ಹುಟ್ಟಿನಂತಹ ಕಾಲುಗಳುಳ್ಳ ಕೋಪಿಪಾಡುಗಳು. ಇವುಗಳಲ್ಲಿ ಸೈಕ್ಲಾಪ್ಸ್ ಎಂಬುದು ಪ್ರಸಿದ್ಧ. ಅದಕ್ಕೆ ಹಣೆಯ ಮೇಲೆ ಒಂದೇ ಕಣ್ಣು. ಗ್ರೀಕರ ಪುರಾಣದ ಒಕ್ಕಣ್ಣ ರಕ್ಕಸನ ಹೆಸರು ಒಂದು ಮಿಲಿಮೀಟರಿನ ಪ್ರಾಣಿಗೆ ಬಂದುದು ಹೀಗೆ.

ಇವು ಮಾಡುವ ಕೆಲಸವೇನು? ತಿನ್ನುವುದು, ಮತ್ತು ತಿನ್ನಿಸಿಕೊಳ್ಳುವುದು. ಬಿಸಿಲು ಬಿದ್ದ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ಅದೇ ಕೆರೆಯ ಹುಲ್ಲುಗಾವಲು. ಆ ಗಾವಲಿನಲ್ಲಿ ಮೇಯುವ ದನಗಳು ಈ ಪ್ಲವಕಗಳು. ಒಂದು ದೊಡ್ಡ ಡಾಫ್ನಿಯ ದಿನಕ್ಕೆ ಹಲವು ಮಿಲಿಲೀಟರ್ ನೀರನ್ನು ತನ್ನ ಕಾಲುಗಳ ಜರಡಿಯಲ್ಲಿ ಸೋಸಿ ಪಾಚಿಯನ್ನು ನುಂಗುತ್ತದೆ. ಲೆಕ್ಕಕ್ಕಾಗಿ ಹತ್ತು ಮಿಲಿಲೀಟರೆಂದೇ ಇಟ್ಟುಕೊಂಡರೆ, ಲೀಟರೊಂದರಲ್ಲಿ ಇಪ್ಪತ್ತು ಡಾಫ್ನಿಯಗಳಿದ್ದರೆ ಐದು ದಿನದಲ್ಲಿ ಆ ನೀರೆಲ್ಲವೂ ಒಮ್ಮೆ ಸೋಸಿದಂತಾಯಿತು. ಬೇತಮಂಗಲದ ಕಾರ್ಖಾನೆಯ ಯಂತ್ರಗಳು ಸೋಸುವುದಕ್ಕೆ ಮುಂಚೆಯೇ, ಸಂಬಳವಿಲ್ಲದ ಈ ಆಳುಗಳು ಒಂದು ಸಲ ಸೋಸಿಟ್ಟಿದ್ದವು. ಕೆರೆಯ ನೀರು ಮಳೆಯಿಂದ ಬರುತ್ತದೆ ನಿಜ. ಆದರೆ ಅದು ಕೆರೆಯ ನೀರಾಗುವುದು ಈ ಜೀವಿಗಳಿಂದ.

ಗಣಿಯೂರಿನವರಿಗೆ ಇವುಗಳ ದಿನಚರಿ ವಿಚಿತ್ರವೆನಿಸಲಾರದು. ಗಣಿ ನಡೆಯುತ್ತಿದ್ದ ದಿನಗಳಲ್ಲಿ ಪಾಳಿಯ ಕೂಗು ಕೇಳಿದೊಡನೆ ಜನ ಕೇಜೆಂಬ ಪಂಜರ ಹತ್ತಿ ಕತ್ತಲೆಗೆ ಇಳಿಯುತ್ತಿದ್ದರು. ಪಾಳಿ ಮುಗಿದಾಗ ಮೇಲೆ ಬರುತ್ತಿದ್ದರು. ಆಳವಾದ ನೀರಿನಲ್ಲಿ ಪ್ಲವಕಗಳಿಗೂ ಪಾಳಿ ಉಂಟು. ಬೆಳಗಾಗುತ್ತಲೇ ಅನೇಕವು ಕೆಳಗಿನ ಮಬ್ಬಿಗೆ ಇಳಿಯುತ್ತವೆ. ಸಂಜೆ ಕವಿದಾಗ ಮೇಲಕ್ಕೇರಿ ರಾತ್ರಿಯೆಲ್ಲ ಪಾಚಿ ಮೇಯುತ್ತವೆ. ಗಣಿಯವನು ಹೊಟ್ಟೆಗಾಗಿ ಆಳಕ್ಕಿಳಿಯುತ್ತಿದ್ದ. ಪ್ಲವಕ ಪ್ರಾಣಭಯದಿಂದ ಇಳಿಯುತ್ತದೆ. ಹಗಲಿನಲ್ಲಿ ಮೇಲೆ ಇದ್ದರೆ ಮೀನಿನ ಕಣ್ಣಿಗೆ ಬೀಳುತ್ತದೆ. ಮೀನಿಲ್ಲದ ಕೊಳಗಳಲ್ಲಿ ಈ ಓಡಾಟ ಬಹಳ ಕಡಿಮೆಯೆಂಬುದನ್ನು ನೋಡಿದರೆ ಭಯವೇ ಮುಖ್ಯ ಕಾರಣವೆಂದು ತಿಳಿಯುತ್ತದೆ. ಮೀನಿನ ಮೈಯಿಂದ ನೀರಿಗೆ ಬೆರೆಯುವ ವಾಸನೆಯನ್ನು ಗ್ರಹಿಸಿಯೇ ಕೆಳಗಿಳಿಯುವ ನೀರುಚಿಗಟಗಳುಂಟು.

ಕೆರೆಯ ಮೀನುಗಾರನೊಡನೆ ಮಾತಿಗೆ ನಿಂತರೆ ಈ ಶಾಸ್ತ್ರದ ಅರ್ಧಭಾಗ ಅವನಿಗೆ ಗೊತ್ತಿರುತ್ತದೆ. “ಇದೇನಪ್ಪಾ, ನೀರು ಇಷ್ಟು ಹಸಿರಾಗಿದೆ?” ಎಂದರೆ, “ಹಸಿರಿದ್ರೇನೇ ಸ್ವಾಮಿ ಮೀನು ಬಲಿಯೋದು. ತಿಳಿನೀರಲ್ಲಿ ಮೀನು ಬಡವಾಗ್ತದೆ” ಎಂಬ ಉತ್ತರ ಬರುತ್ತದೆ. ಮಾತು ದಿಟ. ಗುತ್ತಿಗೆ ಹಿಡಿದ ಕೆರೆಗಳಿಗೆ ಬಿಡುವ ಕಾಟ್ಲಾ ಮೀನು ಬಾಯಿ ಮೇಲ್ಮುಖವಾಗಿದ್ದು, ನೀರಿನ ಮೇಲ್ಭಾಗದಲ್ಲಿ ಪ್ಲವಕಗಳನ್ನು ಸೋಸಿ ತಿಂದೇ ಕೊಬ್ಬುತ್ತದೆ. ಆದರೆ ಮೀನು ಕಣ್ಣಿಗೆ ಕಂಡ ದೊಡ್ಡದನ್ನು ಮೊದಲು ತಿನ್ನುತ್ತದೆ. ದೊಡ್ಡ ಡಾಫ್ನಿಯಗಳು ಕಾಣೆಯಾದ ನೀರಿನಲ್ಲಿ ಚಿಕ್ಕ ಚಕ್ರಧಾರಿಗಳು ಉಳಿಯುತ್ತವೆ. ಅವುಗಳ ಮೇವು ಸಾಲದೆ ಪಾಚಿ ಹೆಚ್ಚುತ್ತದೆ. ಅಮೆರಿಕದ ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು 1965ರಲ್ಲಿ ಕೆರೆಗಳ ಹಳೆಯ ಹೊಸ ಲೆಕ್ಕಗಳನ್ನು ಹೋಲಿಸಿ ಇದನ್ನು ತೋರಿಸಿಕೊಟ್ಟರು. ಮೀನಿನ ಸಂಖ್ಯೆಯನ್ನು ಬದಲಿಸಿದರೆ ನೀರಿನ ಬಣ್ಣವೇ ಬದಲಾಗುತ್ತದೆಂಬ ಮಾತು ಆಗ ಅನೇಕರಿಗೆ ಸೋಜಿಗವಾಗಿ ಕಂಡಿತು.

ಇದರ ಒಂದು ಉದಾಹರಣೆಯ ನೆರೆಗೆ ಹೋಗಲು ದೂರ ಪ್ರಯಾಣ ಬೇಕಿಲ್ಲ. ಬಂಗಾರಪೇಟೆ ತಾಲ್ಲೂಕಿನಲ್ಲಿಯೇ ಕಾಮಸಮುದ್ರವಿದೆ. ಅಲ್ಲಿನ ಹಳ್ಳಿಗಳಲ್ಲಿ ಮಲೇರಿಯಾ ಮನೆಮಾಡಿತ್ತು. ಸೊಳ್ಳೆ ಹುಟ್ಟುತ್ತಿದ್ದುದು ಬಾವಿಗಳಲ್ಲಿ. ರೇಷ್ಮೆಹುಳು ಸಾಕುವ ಮನೆಯಲ್ಲಿ ಕೀಟನಾಶಕ ಸಿಂಪಡಿಸುವವರನ್ನು ಒಳಗೆ ಬಿಟ್ಟುಕೊಂಡರೆ ಸೊಳ್ಳೆಗಿಂತ ಮೊದಲು ಹುಳುವೇ ಸಾಯುತ್ತದೆ. ಆದುದರಿಂದ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ ಎಂಬ ಪುಟ್ಟ ಮೀನನ್ನು ಬಿಡಿಸಿದರು. ಮರಿಸೊಳ್ಳೆಗಳು ಮೀನಿನ ಪಾಲಾದವು, ಜ್ವರ ಇಳಿಯಿತು, ರೇಷ್ಮೆ ಉಳಿಯಿತು. ಮಕ್ಕಳು ಜ್ವರದಿಂದ ನಡುಗುವಾಗ ಬಾವಿಯ ಚಿಗಟಗಳ ಬಗ್ಗೆ ಚಿಂತಿಸುವವನು ಮನುಷ್ಯನಲ್ಲ. ಆದರೂ ಗಪ್ಪಿ ಸೊಳ್ಳೆಯ ಮರಿಯನ್ನು ಮಾತ್ರ ಹುಡುಕಿ ತಿನ್ನುವ ವ್ರತ ಹಿಡಿದುದಲ್ಲ. ಸೈಕ್ಲಾಪ್ಸ್, ಮೊಯಿನಾ ಯಾವುದಾದರೂ ಆದೀತು. ಬಾವಿಗೆ ಸರಿಯಾದ ಉಪಾಯ ಕೆರೆಗೂ ಸರಿಯೆಂದು ಕಂಡಕಂಡಲ್ಲಿ ಹೊರಗಿನ ಮೀನು ಸುರಿಯುವ ಉತ್ಸಾಹ ಮಾತ್ರ ಅಪಾಯಕರ. ವಿಯೆಟ್ನಾಮಿನ ಹಳ್ಳಿಗಳಲ್ಲಿ ಇದೇ ಕೆಲಸವನ್ನು ಸೈಕ್ಲಾಪ್ಸಿನ ಜಾತಿಯ ಪ್ಲವಕಗಳಿಂದಲೇ ಮಾಡಿಸಿದ್ದಾರೆ: ನೀರಿನ ತೊಟ್ಟಿಗಳಿಗೆ ಅವನ್ನು ಬಿಟ್ಟು, ಡೆಂಗೆ ಹರಡುವ ಸೊಳ್ಳೆಯ ಮರಿಗಳನ್ನು ತಿನ್ನಿಸಿದರು.

ಸೈಕ್ಲಾಪ್ಸನ್ನು ಹೀಗೆ ಹೊಗಳಿದ ಮೇಲೆ ಅದರ ಹಳೆಯ ಅಪಕೀರ್ತಿಯನ್ನೂ ಹೇಳಬೇಕು. ಅಜ್ಜಿಯರ ಕಾಲದಲ್ಲಿ ನಾರುಹುಣ್ಣೆಂದರೆ ಎದೆ ನಡುಗುತ್ತಿತ್ತು. ನಾರುಹುಳದ ಮರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಸೈಕ್ಲಾಪ್ಸ್ ಕುಡಿಯುವ ನೀರಿನೊಡನೆ ಒಳಹೊಕ್ಕರೆ, ಸುಮಾರು ಒಂದು ವರ್ಷದ ಮೇಲೆ ಮೊಳಗಟ್ಟಲೆ ಉದ್ದದ ಬಿಳಿಯ ಹುಳ ಕಾಲಿನಲ್ಲಿ ಹುಣ್ಣು ಮಾಡಿಕೊಂಡು ಹೊರಬರುತ್ತಿತ್ತು. ಆ ಉರಿಯನ್ನು ತಣಿಸಲು ರೋಗಿ ಮೆಟ್ಟಿಲುಬಾವಿಗೆ ಕಾಲಿಳಿಬಿಟ್ಟರೆ ಹುಳ ತನ್ನ ಮರಿಗಳನ್ನು ನೀರಿಗೆ ಸುರಿಯುತ್ತಿತ್ತು. ಸೈಕ್ಲಾಪ್ಸ್ ಅವನ್ನು ನುಂಗುತ್ತಿತ್ತು. ಚಕ್ರ ಮುಂದೆ ಸಾಗುತ್ತಿತ್ತು. ಕರ್ನಾಟಕದ ಉತ್ತರದ ಜಿಲ್ಲೆಗಳೂ ಇದರಿಂದ ಬಹಳ ನೊಂದಿದ್ದವು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಕಲಿಸಿ ಈ ಚಕ್ರವನ್ನು ತುಂಡರಿಸಿದರು. ಭಾರತದಲ್ಲಿ ಕೊನೆಯ ರೋಗಿ ಕಂಡುದು 1996ರಲ್ಲಿ. ದೇಶ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಸಾರಿತು. ಯಾವ ಚುಚ್ಚುಮದ್ದೂ ಇಲ್ಲದೆ, ಬಿಂದಿಗೆಯ ಬಾಯಿಗೆ ಕಟ್ಟಿದ ಬಟ್ಟೆಯಿಂದ ಗೆದ್ದ ಯುದ್ಧವಿದು.

ಆ ಬಟ್ಟೆಯ ಮಹಿಮೆ ಅಷ್ಟಕ್ಕೇ ಮುಗಿಯಲಿಲ್ಲ. ಕಾಲರಾ ರೋಗದ ಕ್ರಿಮಿಗಳು ಪ್ಲವಕಗಳ ಮೈಗೆ ಅಂಟಿಕೊಂಡು ಬದುಕುತ್ತವೆಂದು ಕಂಡುಕೊಂಡ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಕೆಲವು ಪದರವಾಗಿ ಮಡಚಿ ನೀರನ್ನು ಸೋಸಿಸಿದರು. ಅಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದುದಾಗಿ 2003ರಲ್ಲಿ ಪ್ರಕಟಿಸಿದರು. ಕ್ರಿಮಿ ಸೀರೆಯ ಎಳೆಗಳ ನಡುವೆ ನುಸುಳಬಲ್ಲದು. ಅದು ಸವಾರಿ ಮಾಡುವ ಪ್ಲವಕ ನುಸುಳಲಾರದು. ಹೊಸ ಸೀರೆಗಿಂತ ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆಯೇ ಮೇಲು, ಅದರ ಎಳೆ ಬಿಚ್ಚಿ ಸಂದುಗಳು ಕಿರಿದಾಗಿರುತ್ತವೆ. ಅಡಿಗೆಮನೆಯ ಹಿರಿಯರು ಕೊಳಗದ ಮೇಲೆ ಬಟ್ಟೆ ಹಾಸುತ್ತಿದ್ದುದನ್ನು ಕಂಡು ನಕ್ಕ ವಿದ್ಯಾವಂತರು ಈಗ ನಗುವುದನ್ನು ನಿಲ್ಲಿಸಬಹುದು. ನೀರನ್ನು ಕುದಿಸುವುದು ಅದಕ್ಕಿಂತಲೂ ಮೇಲೆಂಬುದನ್ನು ಮಾತ್ರ ಮರೆಯಬಾರದು.

ಇಷ್ಟೆಲ್ಲ ಹೇಳಿದುದು ನೀರಿರುವ ಕೆರೆಯ ಮಾತು. ಬೇತಮಂಗಲಕ್ಕೆ ಹೋದವನಿಗೆ ಪ್ರತಿಸಲವೂ ನೀರು ಕಾಣುತ್ತದೆಂಬ ಭರವಸೆ ಇಲ್ಲ. ಕೋಲಾರ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಮಿಗಿಲಾದ ಕೆರೆಗಳಿವೆ. ಅವುಗಳಲ್ಲಿ ಅನೇಕವು ವರ್ಷಗಟ್ಟಲೆ ಬತ್ತಿ, ಅಂಗಳದಲ್ಲಿ ಜಾಲಿ ಬೆಳೆದು, ದನಗಳ ಕಾಲುದಾರಿಯಾಗಿ ಬಿದ್ದಿದ್ದುದನ್ನು ಈ ಸೀಮೆಯ ಜನ ಕಂಡಿದ್ದಾರೆ. ಬೇತಮಂಗಲದ ಕೆರೆಯೂ ಆ ದುರ್ದೆಸೆಗೆ ಹೊರತಾಗಲಿಲ್ಲ. ಗಣಿ ಮುಚ್ಚಿ ಕೆಲಸ ಹೋದ ಊರಿಗೆ ನೀರೂ ಇಲ್ಲದಾಗಿ, ಜನ ಕೊಳವೆಬಾವಿ ಮತ್ತು ಟ್ಯಾಂಕರುಗಳ ದಾರಿ ಕಾಯುವಂತಾಯಿತು. ನೂರಾರು ಅಡಿ ಕೆಳಗಿನಿಂದ ಬರುವ ಕೊಳವೆಬಾವಿಯ ನೀರು ಬಂಗಾರಪೇಟೆಯ ಪಾನಿಯಂತೆಯೇ ತಿಳಿ. ಅದರಲ್ಲಿ ಒಂದು ಚುಕ್ಕೆಯೂ ಕುಪ್ಪಳಿಸುವುದಿಲ್ಲ. ಈ ಜಿಲ್ಲೆಯ ಅನೇಕ ಕಡೆ ಅದರಲ್ಲಿ ಕರಗಿರುವ ಫ್ಲೋರೈಡು ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಎಳೆಯುತ್ತದೆ.

ಕೆರೆ ಬತ್ತಿದಾಗ ಅದರ ಪ್ರಜೆಗಳೇನಾದವು? ಇಲ್ಲಿಯೇ ಈ ಜೀವಿಗಳ ಬಾಳಿನ ಅತ್ಯಂತ ಸ್ವಾರಸ್ಯವಾದ ಭಾಗವಿರುವುದು. ನೀರುಚಿಗಟದ ರಾಜ್ಯ ಸಾಮಾನ್ಯ ದಿನಗಳಲ್ಲಿ ಹೆಣ್ಣುಗಳ ರಾಜ್ಯ. ಗಂಡಿನ ಹಂಗಿಲ್ಲದೆ ತಾಯಿ ಹೆಣ್ಣುಮರಿಗಳನ್ನೇ ಹೆರುತ್ತದೆ. ಬೆಚ್ಚಗಿನ ನೀರಿನಲ್ಲಿ ಹುಟ್ಟಿದ ಮೊಯಿನಾ ನಾಲ್ಕೈದು ದಿನದಲ್ಲಿ ತಾನೇ ತಾಯಿಯಾಗುತ್ತದೆ. ನೀರು ಇಂಗುತ್ತಾ, ಮೇವು ಕಡಿಮೆಯಾಗುತ್ತಾ, ಇಕ್ಕಟ್ಟು ಹೆಚ್ಚುತ್ತಾ ಬಂದಂತೆ ಕಾಲ ಕೆಟ್ಟಿತೆಂಬುದನ್ನು ಅವು ಅರಿಯುತ್ತವೆ. ಆಗ ಗಂಡುಮರಿಗಳು ಹುಟ್ಟುತ್ತವೆ; ಗಂಡುಹೆಣ್ಣು ಕೂಡಿ ಬೇರೆ ಬಗೆಯ ಮೊಟ್ಟೆ ಸಿದ್ಧವಾಗುತ್ತದೆ. ಕುದುರೆಯ ಜೀನಿನ ಆಕಾರದ ಗಟ್ಟಿ ಕರಿಯ ಚೀಲದಲ್ಲಿ ಆ ಮೊಟ್ಟೆಯನ್ನು ಭದ್ರಪಡಿಸಿ ತಾಯಿ ಅದನ್ನು ಕಳಚಿ ಹಾಕುತ್ತದೆ. ಚಕ್ರಧಾರಿಗಳೂ ಕೋಪಿಪಾಡುಗಳೂ ತಮ್ಮ ತಮ್ಮ ರೀತಿಯಲ್ಲಿ ಇಂತಹ ಸುಪ್ತ ಮೊಟ್ಟೆಗಳನ್ನಿಡುತ್ತವೆ. ಕೆಸರು ಒಣಗಿ ಬಿರುಕುಬಿಟ್ಟು, ಬೇಸಗೆಯ ಬಿಸಿಲಿನಲ್ಲಿ ಕಾದರೂ ಅವು ಸಾಯುವುದಿಲ್ಲ.

ಎಷ್ಟು ಕಾಲ? ಅಮೆರಿಕದ ಈಶಾನ್ಯ ಭಾಗದ ಒಂದು ಕೊಳದ ತಳದಿಂದ ತೆಗೆದ ಕೋಪಿಪಾಡಿನ ಮೊಟ್ಟೆಗಳು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿದ್ದುವೆಂದು 1995ರಲ್ಲಿ ವರದಿಯಾಯಿತು. ಸೈಬೀರಿಯದ ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು ಇಪ್ಪತ್ತನಾಲ್ಕು ಸಾವಿರ ವರ್ಷ ಮಲಗಿದ್ದ ಚಕ್ರಧಾರಿಯೊಂದು ಎದ್ದು ಮರಿಹಾಕಿದುದನ್ನು 2021ರಲ್ಲಿ ರಷ್ಯದ ವಿಜ್ಞಾನಿಗಳು ಪ್ರಕಟಿಸಿದರು. ಕುಂಭಕರ್ಣನಿಗೆ ಆರು ತಿಂಗಳೇ ದೊಡ್ಡ ನಿದ್ದೆ ಎಂದುಕೊಂಡಿದ್ದವರು ಇದನ್ನು ಕೇಳಬೇಕು! ಆದರೆ ಸೈಬೀರಿಯದವರೆಗೆ ಹೋಗುವುದು ಅನಗತ್ಯ. ಬತ್ತಿದ ಕೆರೆಯಂಗಳದಿಂದ ಒಂದು ಹಿಡಿ ಮೇಲ್ಮಣ್ಣನ್ನು ತಂದು, ಗಾಜಿನ ಜಾಡಿಯಲ್ಲಿ ಹಾಕಿ, ಮಳೆನೀರು ಸುರಿದು ಕಿಟಕಿಯ ಬಳಿ ಇಟ್ಟರೆ ಸಾಕು. ಎರಡು ಮೂರು ದಿನಗಳಲ್ಲಿ ಚಕ್ರಧಾರಿಗಳು, ವಾರದೊಳಗೆ ನೀರುಚಿಗಟಗಳು ಕಾಣಿಸಿಕೊಳ್ಳುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಮಾಡಿ ನೋಡತಕ್ಕ ಪ್ರಯೋಗ. ಸಂಜೆಯೊಳಗೆ ಏಳಲಿಲ್ಲವೆಂದು ಮಣ್ಣನ್ನು ಚೆಲ್ಲಿಬಿಡಬಾರದು, ಅಷ್ಟೆ.

2021ರ ನವೆಂಬರಿನಲ್ಲಿ ಕೋಲಾರ ಸೀಮೆಯ ಮೇಲೆ ಮಳೆ ಮುರಿದುಕೊಂಡು ಬಿದ್ದಿತು. ಒಂದು ತಲೆಮಾರಿನ ಮಕ್ಕಳು ಕೋಡಿಯನ್ನೇ ಕಂಡಿರದಿದ್ದ ಕೆರೆಗಳೂ ಕೋಡಿ ಹರಿದವು. ಪಾಲಾರ್ ನಿಜವಾದ ನದಿಯಂತೆ ಹರಿಯಿತು. ಜನ ಏರಿಯ ಮೇಲೆ ನೆರೆದು ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಟ್ಟರು. ಅವರ ಕಾಲಕೆಳಗಿನ ಕೆಸರಿನಲ್ಲಿ ಅದೇ ವೇಳೆ ಲಕ್ಷೋಪಲಕ್ಷ ಚೀಲಗಳು ಬಿರಿಯುತ್ತಿದ್ದವು.

ಹೀಗೆ ಕೆರೆಯ ತಳದ ಕೆಲವು ಅಂಗುಲ ಮಣ್ಣು ಕೆರೆಯ ಬಿತ್ತನೆಯ ಕಣಜ. ಹಿಂದೆ ಬೇಸಗೆಯಲ್ಲಿ ರೈತರು ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಎತ್ತಿನ ಗಾಡಿ ಕೆರೆಯನ್ನು ಪೂರ್ತಿ ಬರಿದುಮಾಡಲಾರದು. ಅಲ್ಲದೆ ಇಲ್ಲಿನ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಹೆಣೆದುಕೊಂಡಿದ್ದು, ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ ಹೋಗುವಾಗ ಮೊಟ್ಟೆ ಮರಿಗಳನ್ನೂ ಒಯ್ಯುತ್ತಿತ್ತು. ಈಗ ಹೂಳೆತ್ತುವ ಯಂತ್ರ ನಾಲ್ಕು ದಿನದಲ್ಲಿ ಅಂಗಳವನ್ನು ಜೇಡಿಮಣ್ಣಿನ ತಳದವರೆಗೆ ಬಗೆದು ಇಟ್ಟಿಗೆಯ ಗೂಡಿಗೆ ಸಾಗಿಸುತ್ತದೆ. ರಾಜಕಾಲುವೆಗಳು ಒತ್ತುವರಿಯಾಗಿ ಸರಪಳಿ ಕಡಿದಿದೆ. ಹೂಳೆತ್ತಬಾರದೆಂದು ಯಾರೂ ಹೇಳಲಾರರು. ಹೂಳು ತುಂಬಿದ ಕೆರೆ ನೀರು ಹಿಡಿಯದು. ಆದರೆ ಒಂದು ಮೂಲೆಯನ್ನು ಮುಟ್ಟದೆ ಬಿಡಲು, ಅಥವಾ ಮೇಲಿನ ಪದರದಲ್ಲಿ ಒಂದಿಷ್ಟನ್ನು ತೆಗೆದಿರಿಸಿ ಮತ್ತೆ ಹರಡಲು ಏನು ಖರ್ಚು? ಬಿತ್ತನೆಯ ರಾಗಿಯನ್ನೂ ಬೀಸಿ ಮುದ್ದೆ ಮಾಡುವ ಮನೆಯನ್ನು ಈ ಸೀಮೆಯವರು ಒಳ್ಳೆಯ ಮನೆಯೆನ್ನುವುದಿಲ್ಲ.

ಇನ್ನೊಂದು ಬಗೆಯ ನೀರು ಈಚೆಗೆ ಜಿಲ್ಲೆಯನ್ನು ಹೊಕ್ಕಿದೆ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ಕೊಳವೆಗಳಲ್ಲಿ ತಂದು ಕೋಲಾರದ ಕೆರೆಗಳಿಗೆ ತುಂಬಿಸುವ ಕಾರ್ಯ 2018ರ ಜೂನಿನಲ್ಲಿ ಮೊದಲಾಯಿತು. ದಿನಕ್ಕೆ 44 ಕೋಟಿ ಲೀಟರು, ನೂರಕ್ಕೂ ಹೆಚ್ಚು ಕೆರೆಗಳು, ಇದು ಯೋಜನೆಯ ಗುರಿ. ಮೊದಲು ನೀರುಂಡ ಲಕ್ಷ್ಮೀಸಾಗರದ ಕೆರೆಯಲ್ಲಿ ಅದೇ ವರ್ಷ ನೊರೆ ಕಾಣಿಸಿಕೊಂಡು ಗದ್ದಲವಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬತ್ತಿದ್ದ ಕೊಳವೆಬಾವಿಗಳಿಗೆ ನೀರು ಮರಳಿದುದೂ, ಬೀಳುಬಿದ್ದ ಹೊಲಗಳು ಹಸಿರಾದುದೂ ಅಷ್ಟೇ ನಿಜ. ನಗರದ ತ್ಯಾಜ್ಯವನ್ನು ಕುಡಿಸುತ್ತಾರೆಂದು ಕೋಪಿಸಿಕೊಂಡವರದೂ, ಯಾವ ನೀರಾದರೂ ಬರಲಿ ಎಂದವರದೂ, ಇಬ್ಬರ ಕಷ್ಟವೂ ಸುಳ್ಳಲ್ಲ.

ಈ ವಿವಾದದಲ್ಲಿ ಸಾಕ್ಷಿ ಹೇಳಬಲ್ಲವರನ್ನು ಕರೆದು ಕೇಳಿದವರು ಕಡಿಮೆ. ಎರಡನೆಯ ಹಂತದ ಶುದ್ಧಿಯ ಅನಂತರವೂ ನೀರಿನಲ್ಲಿ ಸಾರಜನಕ, ರಂಜಕಗಳ ಸತ್ತ್ವ ಉಳಿಯುತ್ತದೆ. ಅದು ಪಾಚಿಗೆ ಹಬ್ಬದೂಟ. ಗೊಂಚಲುಗಟ್ಟುವ ನೀಲಿಹಸಿರು ಪಾಚಿ ಬೆಳೆದರೆ ದೊಡ್ಡ ಡಾಫ್ನಿಯಗಳ ಜರಡಿ ಕಟ್ಟಿಕೊಂಡು ಅವು ಸೊರಗುತ್ತವೆ. ಬ್ರಾಕಿಯೋನಸ್ ಮುಂತಾದ ಕೆಲವೇ ಚಕ್ರಧಾರಿಗಳು ಮಿತಿಮೀರಿ ಹೆಚ್ಚುತ್ತವೆ. ರಾತ್ರಿಯಲ್ಲಿ ಆ ಪಾಚಿಯೇ ನೀರಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುವುದರಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ರಾಸಾಯನಿಕ ಪರೀಕ್ಷೆ ತೆಗೆದುಕೊಂಡ ದಿನದ ನೀರನ್ನು ಮಾತ್ರ ಹೇಳುತ್ತದೆ; ಯಾವ ಪ್ಲವಕಗಳಿವೆ, ಯಾವುವು ಕಾಣೆಯಾದವು ಎಂಬ ಪಟ್ಟಿ ಕಳೆದ ಹಲವು ವಾರಗಳ ಕಥೆಯನ್ನು ಹೇಳುತ್ತದೆ. ಲೋಹಗಳ ವಿಷ, ಕ್ರಿಮಿನಾಶಕದ ವಿಷ ಇವುಗಳಿಗೆ ಡಾಫ್ನಿಯ ಬೇಗನೆ ಸೋಲುವುದರಿಂದ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಅದನ್ನೇ ಪರೀಕ್ಷಕನನ್ನಾಗಿ ನೇಮಿಸಿದ್ದಾರೆ: ಸಂಶಯದ ನೀರಿನಲ್ಲಿ ನಲವತ್ತೆಂಟು ಗಂಟೆ ಬಿಟ್ಟು, ಎಷ್ಟು ಚಲನೆಯಿಲ್ಲದಾದವೆಂದು ಎಣಿಸುವುದು ಅಂಗೀಕೃತ ಕ್ರಮ. ಸಯನೈಡು ದಿಬ್ಬಗಳ ಅಡಿಯಲ್ಲಿ ಹರಿಯುವ ಮಳೆಗಾಲದ ಹಳ್ಳಕ್ಕೂ, ಬೆಂಗಳೂರಿನಿಂದ ಬರುವ ಕಾಲುವೆಗೂ ಇಂತಹ ಪರೀಕ್ಷಕರನ್ನು ತಿಂಗಳಿಗೊಮ್ಮೆ ಕಳುಹಿಸಿ, ಅವರ ವರದಿಯನ್ನು ಗ್ರಾಮ ಪಂಚಾಯತಿಯ ಬಾಗಿಲಿಗೆ ಅಂಟಿಸಿದರೆ ಕೆರೆಯ ಪಕ್ಕದ ಸಂಸಾರಗಳಿಗೆ ಎಷ್ಟೋ ಅನುಕೂಲವಾದೀತು. ಬೇಕಾದುದು ಒಂದು ಬಲೆ, ಒಂದು ಸೂಕ್ಷ್ಮದರ್ಶಕ, ತಾಳ್ಮೆಯುಳ್ಳ ಒಬ್ಬ ಉಪಾಧ್ಯಾಯ.

ಬಂಗಾರಪೇಟೆ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ, ಮಾರ್ಕಂಡೇಯ ನದಿಗೆ ಯರಗೋಳಿನ ಬಳಿ ಗುಡ್ಡಗಳ ನಡುವೆ ಹೊಸ ಅಣೆಕಟ್ಟು ಎದ್ದಿದೆ. ಕೋಲಾರ, ಬಂಗಾರಪೇಟೆ, ಮಾಲೂರುಗಳಿಗೆ ಕುಡಿಯುವ ನೀರಿಗಾಗಿ ಕಟ್ಟಿದ ಅದು 2021ರ ಮಳೆಗೆ ತುಂಬಿ, 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಬೇತಮಂಗಲಕ್ಕೆ ಸಾವಿರ ವರ್ಷದ ಕೆಸರಿದೆ. ಯರಗೋಳಿಗೆ ಇನ್ನೂ ಕೆಸರೇ ಇಲ್ಲ. ಅಲ್ಲಿಗೆ ಪ್ಲವಕಗಳನ್ನು ಯಾರೂ ಗಾಡಿಯಲ್ಲಿ ತಂದು ಬಿಡಲಿಲ್ಲ. ಕೆಲವು ಹೊಳೆಯೊಡನೆ ಇಳಿದು ಬರುತ್ತವೆ, ಕೆಲವು ಒಣಮಣ್ಣಿನ ಧೂಳಾಗಿ ಗಾಳಿಯನ್ನೇರುತ್ತವೆ. ಉಳಿದವು ಹಕ್ಕಿಗಳ ಪ್ರಯಾಣಿಕರು. ಜೀನಿನಾಕಾರದ ಆ ಚೀಲಗಳು ಬಾತುಕೋಳಿಯ ಗರಿಗೆ ಅಂಟಿಕೊಳ್ಳುತ್ತವೆ. ನುಂಗಿದರೂ ಹೊಟ್ಟೆಯಲ್ಲಿ ಅರಗದೆ ಹೊರಬರುವುವುಂಟು. ಚಳಿಗಾಲದ ಸಂಜೆ ಯರಗೋಳಿನ ಗುಡ್ಡಗಳ ಮೇಲೆ ಸುತ್ತು ಹೊಡೆದು ಇಳಿಯುವ ಬಾತುಗಳು ಯಾವ ಯಾವ ಕೆರೆಗಳನ್ನು ಮುಟ್ಟಿ ಬಂದುವೋ! ನೀರಿಗೆ ಕಾಲಿಟ್ಟು ಮೈ ಕೊಡವಿದಾಗ ಹಳೆಯ ಕೆರೆಯ ಕೆಸರಿನ ಒಂದು ಕಣ ಹೊಸ ನೀರಿನಲ್ಲಿ ಕರಗುತ್ತದೆ. ಕತ್ತಲಾದ ಮೇಲೆ, ಹಗಲೆಲ್ಲ ಆಳದಲ್ಲಿ ಅಡಗಿದ್ದ ಚುಕ್ಕೆಗಳು ಒಂದೊಂದಾಗಿ ಮೇಲೇರತೊಡಗುತ್ತವೆ.